ಮೋಡಕ್ಕೆ ಹೆಪ್ಪು

ಈ ಊರಿಗೆ ಮನೆ ಅಳಿಯನಾಗಿ ಬರುವ ಮೊದಲು ಮೂವತ್ತು ವರ್ಷ ನಾನು ಬಿಸಿಲನ್ನು ದಂಡ ಮಾಡಿದವನು. ಅದು ನನಗೆ ಗೊತ್ತಾಗಿದ್ದೇ ಮದುವೆಯ ದಿನ. ಊಟಕ್ಕೆ ಕೂತಾಗ ಪಕ್ಕದ ಎಲೆಯ ಹಿರಿಯರೊಬ್ಬರು, "ನಿಮ್ ಕಡೆ ಎಲ್ಲಾರ ಮನೆ ಮೇಲೂ ಒಂದೇ ಸಲಕ್ಕೆ ಬಿಸ್ಲು ಬೀಳ್ತದಂತೆ, ದಿಟವಾ?" ಎಂದು ಕೇಳಿದರು. ಹೌದು ಎಂದೆ. "ಬೆಳಗ್ಗಿಂದ ಸಂಜೆ ಗಂಟ?" ಅದಕ್ಕೂ ಹೌದು ಎಂದೆ. "ಅಷ್ಟನ್ನೂ ಏನ್ ಮಾಡ್ತೀರಿ?" ಎಂದರು. ನಾವು ಅದರಿಂದ ತಪ್ಪಿಸಿಕೊಳ್ಳಲು ಕೊಡೆ ಹಿಡಿಯುತ್ತೇವೆ ಎಂದು ಹೇಳುವ ಧೈರ್ಯವಾಗದೆ ಹೋಳಿಗೆಯ ಕಡೆ ಗಮನ ಕೊಟ್ಟೆ. ಅಂದಿನಿಂದ ಊರಿಗೆಲ್ಲ ನಾನು 'ಬಿಸಿಲೂರಿನ ಅಳಿಯಂದ್ರು'. ಸೋಮಾರಿ ಎನ್ನುವುದಕ್ಕೆ ಇಲ್ಲಿ ಅದು ಮರ್ಯಾದೆಯ ಮಾತು.

ಇಲ್ಲಿ ಊರಿನ ಮೇಲೆ ಮೋಡ ಮುಚ್ಚಿಕೊಂಡಿದೆ. ಅಕ್ಕಿ ತೊಳೆದ ನೀರಿನ ಬಣ್ಣದ ಮೋಡ. ಅದು ಸುರಿಯುವುದೂ ಇಲ್ಲ, ಚದುರುವುದೂ ಇಲ್ಲ. ಹಾಗಾಗಿ ಊರಿನಲ್ಲಿ ಬೆಳಕಿದೆ, ನೆರಳಿಲ್ಲ. ಗೋಡೆಗೂ ಇಲ್ಲ, ಮರಕ್ಕೂ ಇಲ್ಲ, ಮನುಷ್ಯನಿಗೂ ಇಲ್ಲ. ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ಆ ಮೋಡವನ್ನು ಸೀಳಿಕೊಂಡು ಒಂದು ವಿಮಾನ ಹಾದುಹೋಗುತ್ತದೆ. ಎಲ್ಲಿಂದ ಎಲ್ಲಿಗೆ ಎಂದು ಯಾರಿಗೂ ತಿಳಿಯದು, ಅದನ್ನು ಕಣ್ಣಾರೆ ಕಂಡವರೂ ಇಲ್ಲ. ಒಂದು ದಿನ ಊರಿನ ಈ ಮಗ್ಗುಲಿಗೆ, ಒಂದು ದಿನ ಆ ಮಗ್ಗುಲಿಗೆ, ಅದರ ಮನಸ್ಸು ಬಂದಂತೆ. ಅದು ಹೋಗಿ ಕಾಲು ಗಂಟೆಗೆ ಮೋಡದಲ್ಲಿ ದುಂಡಗೆ ಒಂದು ಕಿಂಡಿ ಬಿಡುತ್ತದೆ. ಆ ಕಿಂಡಿಯಿಂದ ಒಂದು ಬೀದಿಯಷ್ಟಗಲ ಬಿಸಿಲು ಇಳಿಯುತ್ತದೆ. ಅರ್ಧ ಗಂಟೆ ನಿಂತು ಹೋಗುತ್ತದೆ.

ನಮ್ಮತ್ತೆ ಇದನ್ನೆಲ್ಲ ಹಾಲು ಮೊಸರಿನ ಭಾಷೆಯಲ್ಲಿ ಹೇಳುತ್ತಿದ್ದರು. "ಆ ಮೋಡದಲ್ಲಿರೋದು ನೀರೇ ಅಳಿಯಂದ್ರೆ. ಮಂಜುಗಡ್ಡೆಗಿಂತ ತಣ್ಣಗದೆ, ಆದ್ರೂ ಗಟ್ಟಿಯಾಗೋದ ಮರ್ತು ಕೂತದೆ. ವಿಮಾನ ಹೋಯ್ತಾ ಹೋಯ್ತಾ ಒಂದು ತೊಟ್ಟು ಹೆಪ್ಪು ಹಾಕ್ಬುಟ್ಟು ಹೋಯ್ತದೆ." ರೆಕ್ಕೆಯನ್ನು ಸವರಿಕೊಂಡು ಹೋಗುವ ಗಾಳಿ ಒಮ್ಮೆಲೇ ಹಿಗ್ಗಿ ಇನ್ನಷ್ಟು ತಣ್ಣಗಾಗುತ್ತದಂತೆ. ಅಲ್ಲಿದ್ದ ನಾಲ್ಕು ಹನಿ ಆ ಚಳಿಗೆ ಗಟ್ಟಿಯಾಗುತ್ತವೆ. ಆಮೇಲೆ ಆ ನಾಲ್ಕು ಸುತ್ತಲಿನ ಹನಿಗಳ ನೀರನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡು, ಬೆಳೆದು, ಭಾರ ತಾಳದೆ ಉದುರುತ್ತವೆ. ಉದುರಿದ ಜಾಗ ಬಯಲಾಗುತ್ತದೆ, ಬಯಲು ಅಗಲವಾಗುತ್ತದೆ. ಅಷ್ಟು ದೊಡ್ಡ ಮೋಡ ಅಷ್ಟು ವರ್ಷದಿಂದ ಒಂದು ತೊಟ್ಟು ಹೆಪ್ಪಿಗೆ ಕಾದು ಕೂತಿದೆ ಎಂದುಕೊಂಡಾಗಲೆಲ್ಲ ನನಗೆ ಮೈ ಜುಂ ಎನ್ನುತ್ತಿತ್ತು. ಇಲ್ಲಿನವರಿಗೆ ಅದೇನೂ ಇಲ್ಲ. ಅವರಿಗೆ ಹಪ್ಪಳ ಒಣಗಬೇಕು.

ಬಿಸಿಲು ಬಿದ್ದ ಬೀದಿಯವರು ಬಾಗಿಲು ತೆರೆದಿಡಬೇಕು. ಊರೆಲ್ಲ ಅಲ್ಲಿಗೇ ಬರುತ್ತದೆ. ಹಪ್ಪಳದ ಚಾಪೆ, ಮೆಣಸಿನಕಾಯಿ, ಕೌದಿ, ಉಪ್ಪಿನಕಾಯಿ ಭರಣಿ, ಥಂಡಿ ಹಿಡಿದ ಪುಸ್ತಕ, ಅಜ್ಜಂದಿರ ಮೊಣಕಾಲು, ಎಲ್ಲವನ್ನೂ ಎತ್ತಿಕೊಂಡು ಓಡಿಬರುತ್ತಾರೆ. ಯಾರದೋ ಜಗಲಿಯ ಮೇಲೆ ಯಾರದೋ ದಿಂಬು ಕೂತಿರುತ್ತದೆ. ಬೀದಿಯ ಹೆಸರು ಮೊದಲೇ ಗೊತ್ತಾದರೆ ಮಾತ್ರ ಆ ಅರ್ಧ ಗಂಟೆ ಕೈಗೆ ಸಿಗುತ್ತದೆ. ಕಿಂಡಿ ಬಿಟ್ಟ ಮೇಲೆ ಓಡಿದರೆ ಚಾಪೆ ಹಾಸುವಷ್ಟರಲ್ಲಿ ಮೋಡ ಮತ್ತೆ ಕೂಡಿಕೊಂಡಿರುತ್ತದೆ.

ಮೊದಲೇ ಹೇಳುವ ಕೆಲಸ ನಮ್ಮ ಮನೆಯದು. ಇದಕ್ಕೆ ಕಿವಿಮನೆ ಎಂದೇ ಹೆಸರು. ತಲೆತಲಾಂತರದಿಂದ ಈ ಮನೆಯ ಒಬ್ಬರು ತಾರಸಿ ಹತ್ತಿ, ಕಾಣದ ವಿಮಾನದ ಸದ್ದು ಕೇಳಿ, ಬಿಸಿಲು ಇಳಿಯುವ ಬೀದಿಯನ್ನು ಹೇಳುತ್ತಾ ಬಂದಿದ್ದಾರೆ. ಅತ್ತೆ ಈ ಕೆಲಸ ಹಿಡಿದು ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಹತ್ತೂವರೆಗೆ ಸ್ವಲ್ಪ ಮುಂಚೆ ಮುಖ ತೊಳೆದುಕೊಂಡು, ಒರೆಸಿಕೊಳ್ಳದೆ, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಮೆಟ್ಟಿಲು ಹತ್ತುತ್ತಿದ್ದರು. ಅದೊಂದು ಮಡಿ ಎಂದು ಊರಿನವರು ತಿಳಿದಿದ್ದರು, ನಾನೂ ತಿಳಿದಿದ್ದೆ. ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಬೆರಳು ತೋರಿಸುತ್ತಿದ್ದರು. ನಾಲ್ಕು ಬೆರಳೆಂದರೆ ನಮ್ಮ ಗಾಣದ ಬೀದಿ, ಏಳೆಂದರೆ ಕುಂಬಾರ ಬೀದಿ. ತಾರಸಿಯಲ್ಲಿ ತೂಗುಹಾಕಿದ್ದ ರೈಲು ಕಂಬಿಯ ತುಂಡಿಗೆ ಅಷ್ಟು ಏಟು ಹೊಡೆಯುವುದು ನನ್ನ ಕೆಲಸ. ಅವರು ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಅತ್ತೆಗೂ ಒಂದು ಹೆಸರಿತ್ತು. ಅಳಿಯನಾದವನು ಅದನ್ನು ಬಾಯಲ್ಲಿ ಆಡುವ ಹಾಗಿಲ್ಲ. ಲಗ್ನಪತ್ರಿಕೆಯಲ್ಲಿ ಒಮ್ಮೆ ಓದಿದ್ದೆ, ಅಷ್ಟೆ. ಊರಿಗೆ ಅವರು ಕಿವಿಯವ್ವ, ಮಗಳಿಗೆ ಅವ್ವ, ನನಗೆ ಅತ್ತೆ. ಮಾವ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಅವರಾದ ಮೇಲೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.

ನನ್ನ ಹೆಂಡತಿ ಚಂದ್ರಕಲಾ ಹೆತ್ತಿದ್ದು ಹೆಣ್ಣುಮಗು. ಮಗುವಿಗೆ ಹೆಸರಿಡುವ ವಿಷಯದಲ್ಲಿ ಈ ಊರು ಬಹಳ ಬಿಗಿ. ಹೆಸರಿಡುವುದು ಬಿಸಿಲಿನಲ್ಲಿ, ಅದೂ ಮೊದಲ ಹಲ್ಲು ಕಾಣಿಸಿಕೊಳ್ಳುವ ಮುಂಚೆ. ಮಗುವನ್ನು ಬಿಸಿಲಿನೊಳಕ್ಕೆ ಎತ್ತಿಕೊಂಡು ಹೋಗುವಂತಿಲ್ಲ. ಮಗು ಮೊದಲೇ ಅಲ್ಲಿರಬೇಕು, ಬಿಸಿಲು ತಾನಾಗಿ ಬಂದು ಅದರ ಮೇಲೆ ಬೀಳಬೇಕು. ಆಗ ತಂದೆ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾನೆ. ಅಲ್ಲಿಯವರೆಗೆ ಅದು ಹೆತ್ತ ತಾಯಿಗೂ ಗೊತ್ತಿರಬಾರದು. ಮಗುವಿನ ಕಿವಿಗೆ ಹೇಳಿದ ಮೇಲೆ ಕಿವಿಯವ್ವನಿಗೆ ಹೇಳಬೇಕು. ಕಿವಿಯವ್ವ ಅದನ್ನು ತಿರುಗಿ ಗಟ್ಟಿಯಾಗಿ ಹೇಳಿದ ಮೇಲೇ ಅದು ಹೆಸರು. ಅತ್ತೆ ತಂದೆಯಂದಿರನ್ನು ಎದುರಿಗೆ ನಿಲ್ಲಿಸಿಕೊಂಡು, "ಕಿವಿಗೆ ಬರಬೇಡ, ಮುಖ ನೋಡಿ ಹೇಳಪ್ಪ, ಮಗೀನ ಹೆಸರ ಕಳ್ಳನಂಗೆ ಹೇಳ್ಬಾರ್ದು" ಎಂದು ಗದರಿಸುತ್ತಿದ್ದದ್ದು ಊರಿಗೆಲ್ಲ ತಮಾಷೆಯ ಸಂಗತಿ.

ಹಲ್ಲು ಬರುವ ಮುಂಚೆ ಬಿಸಿಲು ಸಿಗದ ಮಗುವಿಗೆ ಹೆಸರೇ ಇರುವುದಿಲ್ಲ. ಹಾಗೆ ಹೆಸರಿಲ್ಲದೆ ಉಳಿದ ಒಬ್ಬರು ನಮ್ಮ ಬೀದಿಯ ತುದಿಯಲ್ಲಿದ್ದಾರೆ. ಅರವತ್ತು ದಾಟಿದೆ, ಎಲ್ಲರೂ ಅವರನ್ನು 'ಆ ಮಗು' ಎನ್ನುತ್ತಾರೆ. ಯಾರೂ ಅವಮಾನ ಮಾಡುವುದಿಲ್ಲ, ಊಟಕ್ಕೂ ಕರೆಯುತ್ತಾರೆ. ಆದರೆ ಬೀದಿಯಲ್ಲಿ ಯಾರು ಯಾರನ್ನು ಕೂಗಿದರೂ ಅವರು ತಿರುಗಿ ನೋಡುತ್ತಾರೆ. ಅದನ್ನು ನೋಡಿದ್ದ ನನಗೆ ನನ್ನ ಮಗಳೂ ಹಾಗೆ ತಿರುಗಿ ನೋಡುವಳೇನೋ ಎಂಬ ಹೆದರಿಕೆಯಿತ್ತು.

ಯಾಕೆಂದರೆ ಇನ್ನೊಂದು ಕಟ್ಟುಪಾಡಿತ್ತು. ಕಿವಿಯವ್ವ ತನ್ನ ಸ್ವಂತ ರಕ್ತಕ್ಕೆ ಬಿಸಿಲು ಹೇಳುವಂತಿಲ್ಲ. ಮನೆಯ ಮಗುವಿಗೆ ಹೆಸರಿಡಲು ಹೊರಟ ದಿನಗಳಲ್ಲಿ ಅವರು ಕಿಟಕಿಯಿಲ್ಲದ ದವಸದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕು. ಹೇಳಬೇಕಾದವನು ಮನೆಯ ಇನ್ನೊಬ್ಬ. ಆ ಇನ್ನೊಬ್ಬ ಎಂದರೆ ನಾನೇ.

ಮಗುವಿಗೆ ಐದು ತಿಂಗಳಾದಾಗ ಮೊದಲ ಸಲ ತಾರಸಿ ಹತ್ತಿದೆ. ಕಿವಿ ನಿಮಿರಿಸಿ ನಿಂತೆ. ಸದ್ದು ಬಂತು, ಗಾಣದ ಬೀದಿಯ ನೆತ್ತಿಯ ಮೇಲೆ ಗುಡುಗುಡು ಎಂದಿತು. ಅನುಮಾನವೇ ಇಲ್ಲದೆ ನಾಲ್ಕು ಏಟು ಹೊಡೆದೆ. ಊರೆಲ್ಲ ಚಾಪೆ ಹೊತ್ತು ಗಾಣದ ಬೀದಿಗೆ ಬಂದಿತು. ಬಿಸಿಲು ಎರಡು ಬೀದಿ ಆಚೆ, ಒಂದು ನರಪಿಳ್ಳೆಯೂ ಇಲ್ಲದ ಕಡೆ ಇಳಿದು, ಖಾಲಿ ಜಗಲಿಗಳನ್ನು ಬೆಳಗಿ ಹೋಯಿತು. ಎರಡನೆಯ ಸಲ ಹದಿನೈದು ದಿನ ಬಿಟ್ಟು ಹತ್ತಿದೆ. ಚಂದ್ರಕಲಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ಪಕ್ಕದ ಬೀದಿಯಲ್ಲಿ ಬಿಸಿಲು ಇಳಿಯಿತು, ಹಿಗ್ಗುತ್ತಾ ಹಿಗ್ಗುತ್ತಾ ನಮ್ಮ ಕಡೆಗೇ ಬಂತು. ಮಗುವಿನಿಂದ ಹತ್ತು ಮಾರು ದೂರದಲ್ಲಿ, ಒಂದು ಒಳಕಲ್ಲಿನವರೆಗೆ ಬಂದು ನಿಂತುಬಿಟ್ಟಿತು. ಹತ್ತು ಮಾರು ಎತ್ತಿಕೊಂಡು ಹೋದರೆ ಆಯಿತು, ಆದರೆ ಹೋಗುವಂತಿಲ್ಲ. ನಾವು ಆ ಒಳಕಲ್ಲನ್ನೇ ನೋಡುತ್ತಾ ಅರ್ಧ ಗಂಟೆ ಕೂತೆವು.

ಹಪ್ಪಳದ ನಿಂಗಾಜಮ್ಮ ಕುಂಬಾರ ಬೀದಿಯವರು, ಊರಿಗೆಲ್ಲ ಹಪ್ಪಳ ಮಾಡಿ ಕೊಡುವವರು, ನಾಲಿಗೆ ಸ್ವಲ್ಪ ಖಾರ. ಹಸಿ ಹಪ್ಪಳದ ಚಾಪೆ ಸುತ್ತಿಕೊಳ್ಳುತ್ತಾ, "ಅಳಿಯಂದ್ರೆ, ನಿಮ್ಮೂರಲ್ಲಿ ಬಿಸ್ಲು ಸಸ್ತಾ ಇರ್ಬೋದು. ನಮ್ಮ ಉದ್ದಿನಿಟ್ಟು ಸಸ್ತಾ ಅಲ್ಲ" ಎಂದರು. ನಾನು ಚಾಪೆಯ ಇನ್ನೊಂದು ತುದಿ ಹಿಡಿದು ಸುತ್ತಿಕೊಟ್ಟೆ.

ಆ ಮಧ್ಯಾಹ್ನ ಚಂದ್ರಕಲಾ ಮಗುವಿನ ವಸಡು ಸವರಿ ನೋಡಿ, ನನ್ನ ಬೆರಳನ್ನು ಹಿಡಿದು ಅಲ್ಲಿಟ್ಟಳು. ಅಕ್ಕಿಕಾಳಿನ ತುದಿಯಷ್ಟು ಗಟ್ಟಿ ಏನೋ ತಗುಲಿತು. ಇನ್ನೂ ಹೊರಗೆ ಬಂದಿರಲಿಲ್ಲ. "ನಾಳೆ ಒಂದಿನ ರೀ, ಅಷ್ಟೆ" ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದೆ ಅತ್ತೆಯ ಮೇಲೆ ತಿರುಗಿತು. ಅವರು ಹಿತ್ತಲ ಜಗಲಿಯಲ್ಲಿ ನನಗೆ ಬೆನ್ನು ಹಾಕಿ ಕಡಲೆಕಾಯಿ ಸುಲಿಯುತ್ತಿದ್ದರು. ಕಂಬಿ ಹೊಡೆಯುವ ಸುತ್ತಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. "ಒಂದು ಮಾತು ಬಾಯಿ ಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?" ಎಂದೆ. ಅವರು ಸುಲಿಯುತ್ತಲೇ ಇದ್ದರು. ದನಿ ಎತ್ತರಿಸಿ ಇನ್ನೊಮ್ಮೆ ಅಂದೆ, ಆಡಬಾರದ ಒಂದು ಮಾತನ್ನೂ ಸೇರಿಸಿದೆ. ಸಿಪ್ಪೆ ಮುರಿಯುವ ಸದ್ದು ನಿಲ್ಲಲಿಲ್ಲ. ಸುತ್ತಿಗೆಯನ್ನು ಕಲ್ಲು ಚಪ್ಪಡಿಯ ಮೇಲೆ ಎಸೆದೆ. ಅಕ್ಕಪಕ್ಕದ ಮನೆಯ ನಾಯಿಗಳೆಲ್ಲ ಬೊಗಳಿದವು. ಅತ್ತೆ ತಮ್ಮ ಪಾದವನ್ನು ನೋಡಿಕೊಂಡರು. ನೆಲ ಅದುರಿದ್ದು ಪಾದಕ್ಕೆ ತಿಳಿದಿತ್ತು. ಆಮೇಲೆ ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದರು. ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು.

"ನಾಕು ವರ್ಸ ಆಯ್ತು" ಎಂದರು. "ಮೊದ್ಲು ಎಡಗಡೆದು, ಆಮೇಲೆ ಬಲಗಡೆದು. ಬಾಯಿ ನೋಡ್ಕಂಡು ತಿಳ್ಕತೀನಿ."

ಹಿಂದೆ ಬಂದು ನಿಂತಿದ್ದ ಚಂದ್ರಕಲಾ, "ನಂಗೆ ಗೊತ್ತಿತ್ತು ಕಣ್ರೀ" ಎಂದಳು. ಅವಳು ಅವ್ವನ ಎದುರಿಗೆ ಬಂದೇ ಮಾತಾಡುತ್ತಿದ್ದುದನ್ನು ನಾನು ಅವಳ ಭಕ್ತಿ ಎಂದುಕೊಂಡಿದ್ದೆ. ಊರಿಗೆ ಗೊತ್ತಾದರೆ ಕಂಬಿ ಬೇರೆ ಮನೆಗೆ ಹೋಗುತ್ತಿತ್ತು. ಕಿವಿ ಕೇಳದವಳನ್ನು ಯಾರು ಕಿವಿಯವ್ವ ಎನ್ನುತ್ತಾರೆ? ನನಗೆ ನಾಚಿಕೆ, ಗಾಬರಿ, ಎಲ್ಲ ಒಟ್ಟಿಗೇ ಆಯಿತು. ಅವರ ಮುಂದೆ ಕೂತು, ಅವರು ನೋಡುವ ಹಾಗೆ ಬಾಯಿ ಬಿಡಿಸಿ ಕೇಳಿದೆ, "ಮತ್ತೆ ನಾಲ್ಕು ವರ್ಷದಿಂದ ಬೀದಿ ಹೇಗೆ ಹೇಳಿದಿರಿ?"

"ಕಿವಿ ಇದ್ದಾಗ ನಾನೂ ವರ್ಸಕ್ಕೆ ನಾಕು ಸಲ ತಪ್ತಿದ್ದೆ. ಕಿವಿ ಹೋದ ಮೇಲೆ ತಪ್ಪಿಲ್ಲ" ಎಂದು ಅತ್ತೆ ನಕ್ಕರು. "ಸದ್ದು ಅನ್ನೋದು ವಿಮಾನದ ಹಿಂದೆ ಬರೋ ಬಾಲ ಅಳಿಯಂದ್ರೆ. ನೀವು ಬಾಲ ಹಿಡ್ಕಂಡು ಇಲ್ಲೇ ಹಸು ಅದೆ ಅಂತೀರಿ. ಹಸು ಆಗ್ಲೇ ಮುಂದಕ್ಕೆ ಹೋಗಿರ್ತದೆ."

ಆಮೇಲೆ ಅವರು ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಅಷ್ಟು ದೊಡ್ಡ ಲೋಹದ ಗುಡಾಣ ಮೇಲೆ ಹೆಂಗೆ ನಿಂತದೆ ಅಂದ್ಕಂಡಿದೀರಿ? ಗಾಳಿನ ಕೆಳಕ್ಕೆ ಒತ್ತಿ ಒತ್ತಿ ನಿಂತದೆ. ಒತ್ತಿದ ಗಾಳಿ ಎಲ್ಲಿಗೆ ಹೋದಾತು? ಇಳೀತಾ ಇಳೀತಾ ನಮ್ ತಾವ್ಕೇ ಬತ್ತದೆ. ಎರಡು ರೆಕ್ಕೆ ತುದಿಯಿಂದ ಎರಡು ಸುಳಿ ಎದ್ದು, ಒಂದು ಹಿಂಗೆ, ಒಂದು ಹಂಗೆ ತಿರುಗ್ತಾ ಇಳೀತವೆ. ಒಣಗಿದ ಮುಖಕ್ಕೆ ಅದು ತಿಳಿಯಾಕಿಲ್ಲ. ಒದ್ದೆ ಮುಖಕ್ಕೆ ತಿಳೀತದೆ. ಎಡಕೆನ್ನೆ ತಣ್ಣಗಾದ್ರೆ ಎಡಕ್ಕೆ ಹೋಗ್ಯದೆ. ಬಲಕೆನ್ನೆ ಆದ್ರೆ ಬಲಕ್ಕೆ. ಎರಡೂ ಒಂದೇ ಸಮ ಅಂದ್ರೆ ನೆತ್ತಿ ಮೇಲೇ ಹೋಗ್ಯದೆ. ತಗಲೋದು ಎಷ್ಟು ಹಗುರಾನೋ ಅಷ್ಟು ಬೀದಿ ಆಚೆ." ಮಡಿಲಿನ ಸಿಪ್ಪೆ ಕೊಡವಿ, "ಅದ್ರ ಒಳಗೆ ಕೂತೋರು ಎಷ್ಟು ಜನವೋ ಏನೋ. ಅಷ್ಟು ಜನಾನೂ ದಿನಾ ಹೊತ್ಕಂಡಿರೋದು ನಾವು ಉಸಿರಾಡೋ ಗಾಳಿನೇ" ಎಂದರು.

ನಾನು ಮೇಲೆ ನೋಡಿದೆ. ಅದೇ ಬೂದು ಮೋಡ. ಮೂರು ವರ್ಷದಿಂದ ದಿನವೂ ಹತ್ತೂವರೆಗೆ ಆ ಭಾರ ನನ್ನ ಮುಖದ ಮೇಲೆ ಇಳಿದು ಹೋಗುತ್ತಿತ್ತು, ನಾನು ಅಲ್ಲೇ ಸುತ್ತಿಗೆ ಹಿಡಿದು ಆಕಳಿಸುತ್ತಾ ನಿಂತಿರುತ್ತಿದ್ದೆ.

"ಆದರೆ ನೀವು ಸ್ವಂತ ರಕ್ತಕ್ಕೆ ಹೇಳುವಂತಿಲ್ಲವಲ್ಲ" ಎಂದೆ.

"ಹೇಳ್ಬಾರ್ದು ಅಂತ ಅದೆ. ಕಲಿಸ್ಬಾರ್ದು ಅಂತ ಯಾರಾದ್ರೂ ಹೇಳವ್ರಾ?" ಎಂದು ಅತ್ತೆ ಎದ್ದು ಗೋಡೆಗೆ ಒರಗಿಸಿದ್ದ ಮೊರ ತೆಗೆದುಕೊಂಡರು.

ನನ್ನ ಮುಖ ತೊಳೆಸಿ, ಕಣ್ಣು ಮುಚ್ಚಿಸಿ, ಜಗಲಿಯ ನಡುವೆ ನಿಲ್ಲಿಸಿದರು. ಚಂದ್ರಕಲಾ ಮಗುವನ್ನು ತೊಟ್ಟಿಲಿಗೆ ಹಾಕಿ, ಕುರ್ಚಿ ಹತ್ತಿ, ನನ್ನ ತಲೆಯ ಮೇಲೆ ಅಲ್ಲೊಮ್ಮೆ ಇಲ್ಲೊಮ್ಮೆ ಮೊರ ಬೀಸಿದಳು. ಎಲ್ಲಿ ಎಂದು ನಾನು ಹೇಳಬೇಕು. ಮೊದಲು ಬಾಯಿಗೆ ಬಂದ ಹಾಗೆ ಹೇಳಿದೆ. ಸೀರೆಯ ಸರಬರ, ಕುರ್ಚಿಯ ಕಿರುಗುಟ್ಟು, ಎಲ್ಲ ಕೇಳಿಸಿ ಕಿವಿ ಮುಂದೆ ಬಿದ್ದು ಉತ್ತರ ಹೇಳಿಬಿಡುತ್ತಿತ್ತು. ಅತ್ತೆ ಮಗುವಿನ ಪೆಟ್ಟಿಗೆಯಿಂದ ಹತ್ತಿ ತಂದು ನನ್ನ ಕಿವಿಗೆ ತುರುಕಿದರು. ಆಮೇಲೆ ಮೆಲ್ಲಗೆ ಕೆನ್ನೆ ಮಾತಾಡತೊಡಗಿತು. ಸಂಜೆಯಾಗುವಷ್ಟರಲ್ಲಿ ಹತ್ತಕ್ಕೆ ಎಂಟು ಸಲ ಸರಿಯಾಗಿ ಹೇಳಿದೆ. ಮುಖವೆಲ್ಲ ಒಡೆದುಕೊಂಡು ಉರಿಯುತ್ತಿತ್ತು.

ಮರುದಿನ ಅತ್ತೆ ದವಸದ ಕೋಣೆಗೆ ಹೋದರು. ಹೋಗುವ ಮುಂಚೆ ಮುಖ ತೊಳೆದು, ಎಂದಿನಂತೆ ಒರೆಸಿಕೊಳ್ಳದೆ, ಒಂದು ಚೊಂಬು ನೀರನ್ನೂ ಹಿಡಿದುಕೊಂಡು ಹೋದರು. ಕತ್ತಲಲ್ಲಿ ಕೂರಲು ಇದೆಲ್ಲ ಯಾಕೆ ಎಂದು ಕೇಳಲಿಲ್ಲ. ನಾನು ತಾರಸಿ ಹತ್ತಿ, ಚೊಂಬಿನ ನೀರನ್ನು ಮುಖಕ್ಕೆ ಎರಚಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಕೆಳಗೆ ಚಂದ್ರಕಲಾ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಲು ತಯಾರಾಗಿ ನಿಂತಿದ್ದಳು. ಬೀದಿಯಲ್ಲಿ ಚಾಪೆಗಳು ಕಾಯುತ್ತಿದ್ದವು.

ಬಹಳ ಹೊತ್ತು ಏನೂ ಇಲ್ಲ. ಹತ್ತಿಯ ಸಂದಿನಿಂದ ಒಂದು ಗುಂಯ್ ಒಳಗೆ ಬಂತು, ಅದು ಸಂತೆ ಬೀದಿ ಎಂದಿತು. ಕೈ ಸುತ್ತಿಗೆಯ ಕಡೆಗೆ ಹೋಯಿತು. ಬಾಲ, ಬಾಲ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಏನೂ ಇಲ್ಲ. ತಪ್ಪಿಹೋಯಿತು, ಮಗಳು ಹೆಸರಿಲ್ಲದೆ ಉಳಿದಳು ಎಂದುಕೊಳ್ಳುವಷ್ಟರಲ್ಲಿ ಯಾರೋ ಒದ್ದೆ ಕೈಯನ್ನು ನನ್ನ ಬಲಗೆನ್ನೆಯ ಹತ್ತಿರ ತಂದು ಹಿಂದಕ್ಕೆ ತೆಗೆದ ಹಾಗಾಯಿತು. ಆಮೇಲೆ ಎಡಗೆನ್ನೆಗೆ, ಅದಕ್ಕಿಂತ ಹಗುರಾಗಿ. ಮತ್ತೆ ಬಲಕ್ಕೆ. ಎಷ್ಟೋ ಎತ್ತರದಲ್ಲಿ, ನಾನೆಂದೂ ಕಾಣದ ಒಂದು ವಿಮಾನ ನನ್ನ ಊರಿನ ಗಾಳಿಯ ಮೇಲೆ ಕಾಲೂರಿ ದಾಟಿಹೋಗಿತ್ತು, ಅದರ ಹೆಜ್ಜೆ ನನ್ನ ಮುಖಕ್ಕೆ ತಗುಲಿತ್ತು. ಬಲಕ್ಕೆ ಮೂರು ಬೀದಿ ಎಣಿಸಿ, ಕಣ್ಣು ಬಿಡದೆ ಏಳು ಏಟು ಹೊಡೆದೆ.

ಕುಂಬಾರ ಬೀದಿ ಎಂದರೆ ನಿಂಗಾಜಮ್ಮನವರ ಬೀದಿ. ನಾನು ಇಳಿದು ಓಡುವಷ್ಟರಲ್ಲಿ ಚಂದ್ರಕಲಾ ಅವರ ಮನೆಯ ಮುಂದೆ ಚಾಪೆ ಹಾಸಿ ಮಗುವನ್ನು ಅಂಗಾತ ಮಲಗಿಸಿದ್ದಳು. ಊರು ಬಂದಿತ್ತು, ಆದರೆ ಯಾರೂ ಗಂಟು ಬಿಚ್ಚಿರಲಿಲ್ಲ. ನಿಂಗಾಜಮ್ಮ ಜಗಲಿಯ ಮೇಲೆ ಕೈಕಟ್ಟಿ ನಿಂತು, "ಈ ಸಲ ಕಿವಿಗೆ ಹತ್ತಿ ಇಟ್ಕಂಡು ಕೇಳವ್ರೆ. ಇನ್ನೆಲ್ಲಿ ತಪ್ತದೆ" ಎಂದರು. ಜನ ನಕ್ಕರು. ಹತ್ತಿ ತೆಗೆಯುವುದನ್ನು ನಾನು ಮರೆತಿದ್ದೆ. ಹೊತ್ತು ಹೋಗುತ್ತಿತ್ತು. ಒಬ್ಬರು ಕೌದಿ ಹೆಗಲಿಗೇರಿಸಿಕೊಂಡು ಮನೆ ಕಡೆ ತಿರುಗಿದರು.

ಆಗ ಮೋಡದ ಒಂದು ಕಡೆ, ಒಗೆದ ಬಟ್ಟೆ ಸವೆದು ತೆಳ್ಳಗಾದ ಹಾಗೆ, ಬಿಳುಪು ಬಂತು. ಆ ಬಿಳುಪಿನ ನಡುವಿನಿಂದ ಸಣ್ಣ ಎಳೆಗಳು ಇಳಿಬಿದ್ದವು, ಮಂಜಿನ ಎಳೆಗಳು, ಒಂದರ ಪಕ್ಕ ಒಂದು, ಬಾಚಿದಂತೆ. ಅವು ಇಳಿಯುತ್ತಾ ಇಳಿಯುತ್ತಾ ನೆಲಕ್ಕೆ ತಲುಪದೆ ನಡುದಾರಿಯಲ್ಲೇ ಕರಗಿಹೋಗುತ್ತಿದ್ದವು. ಎಳೆಗಳು ಇಳಿದಷ್ಟೂ ಸುತ್ತಲಿನ ಮೋಡ ಹಿಂದೆ ಸರಿಯಿತು. ಮೊದಲು ನಾಣ್ಯದಷ್ಟು ನೀಲಿ ಕಂಡಿತು, ಆಮೇಲೆ ತಟ್ಟೆಯಷ್ಟು, ಆಮೇಲೆ ಕೆರೆಯಷ್ಟು. ಅಷ್ಟು ಅಂಚು ತಿದ್ದಿದ ದುಂಡು, ಅಷ್ಟು ಆಳವಾದ ನೀಲಿ. ನಾನು ಬಿಸಿಲೂರಿನಲ್ಲಿ ಮೂವತ್ತು ವರ್ಷ ಅದರ ಕೆಳಗೆ ಓಡಾಡಿದ್ದೆ, ಒಮ್ಮೆಯೂ ಅದನ್ನು ನೋಡಿರಲಿಲ್ಲ. ಹಪ್ಪಳ ಮರೆತು ನಿಂಗಾಜಮ್ಮನೂ ತಲೆಯೆತ್ತಿ ನಿಂತಿದ್ದರು.

ಬಿಸಿಲು ಮೊದಲು ಅವರ ಮನೆಯ ಹೆಂಚಿನ ಮೇಲೆ ಬಿತ್ತು. ಗೋಡೆಯಿಂದ ಜಾರಿ, ಜಗಲಿ ಇಳಿದು, ಚರಂಡಿ ದಾಟಿ, ಚಾಪೆಯ ಅಂಚಿಗೆ ಬಂತು. ಅಲ್ಲಿ ಒಂದು ಗಳಿಗೆ ನಿಂತಿತು. ಚಂದ್ರಕಲಾ ನನ್ನ ಕೈಯನ್ನು ಉಗುರು ನೆಡುವ ಹಾಗೆ ಹಿಡಿದಿದ್ದಳು. ಆಮೇಲೆ ಮಗುವಿನ ಪಾದಕ್ಕೆ, ಮೊಣಕಾಲಿಗೆ, ಹೊಟ್ಟೆಗೆ, ಮುಖಕ್ಕೆ ಬಂತು. ಮಗು ಕಣ್ಣು ಕಿವುಚಿ ಜೋರಾಗಿ ಸೀನಿತು. ಊರೆಲ್ಲ ಗೊಳ್ಳೆಂದು ನಕ್ಕಿತು, ನನಗೆ ಅಳು ಬಂತು. ಮಗು ಕೈ ಎತ್ತಿದಾಗ ಚಾಪೆಯ ಮೇಲೆ ಇನ್ನೊಂದು ಸಣ್ಣ ಕೈ ಎದ್ದಿತು. ಅವಳು ತಲೆ ಹೊರಳಿಸಿ ಆ ಕೈಯನ್ನು ನೋಡಿದಳು. ಹಿಡಿಯಲು ಹೋದಳು. ಅವಳ ಮೊದಲ ನೆರಳು ಅದು. ನಾನು ಬಗ್ಗಿ ಅವಳ ಕಿವಿಯಲ್ಲಿ ಹೆಸರು ಹೇಳಿದೆ.

ಕಿವಿಯವ್ವನಿಗೆ ಹೇಳುವುದು ಬಾಕಿಯಿತ್ತು. ಮಗುವನ್ನು ಎತ್ತಿಕೊಂಡು ಮನೆಗೆ ನಡೆದಾಗ ಅರ್ಧ ಊರು ಹಿಂದೆಯೇ ಬಂತು, ಮುಂದಿನ ಸಾಲಿನಲ್ಲಿ ನಿಂಗಾಜಮ್ಮ. ದವಸದ ಕೋಣೆಯ ಬಾಗಿಲಿಗೆ ಬಂದಾಗ ನನಗೆ ತಟ್ಟನೆ ಹೊಳೆಯಿತು. ಬೇರೆ ಮಕ್ಕಳ ಹೆಸರನ್ನು ಅತ್ತೆ ಹಗಲಿನಲ್ಲಿ, ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಇಂದು ಅವರು ಕತ್ತಲಲ್ಲಿದ್ದರು. ತಂದೆ ಮಗುವಿನೊಡನೆ ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ, ಅವರು ಹೆಸರು ಕೇಳಿ, ತಿರುಗಿ ಹೇಳುವವರೆಗೆ ಅದನ್ನು ತೆರೆಯುವಂತಿಲ್ಲ. ಹೇಳಲಾಗದಿದ್ದರೆ ಮಗುವಿಗೆ ಹೆಸರೂ ಇಲ್ಲ, ಮನೆಗೆ ಕಂಬಿಯೂ ಇಲ್ಲ. ಚಂದ್ರಕಲಾಳ ಮುಖ ನೋಡಿದೆ. ಅವಳಿಗೂ ಅದೇ ಹೊಳೆದಿತ್ತು. ಹಿಂದಿನಿಂದ ನಿಂಗಾಜಮ್ಮ, "ಹೋಗಿ, ಯಾಕೆ ನಿಂತ್ರಿ?" ಎಂದರು.

ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ರಾಗಿಯ ವಾಸನೆ, ಕಣ್ಣಿಗೆ ಏನೂ ಕಾಣದ ಕತ್ತಲೆ. ನನ್ನ ಹೆಜ್ಜೆ ನೆಲದಲ್ಲಿ ತಿಳಿದು, "ಬಂದ್ರಾ?" ಎಂದರು ಅತ್ತೆ. ತಡವರಿಸಿಕೊಂಡು ಹೋಗಿ ಮಗುವನ್ನು ಅವರ ಮಡಿಲಲ್ಲಿಟ್ಟೆ. ಅವರ ಕೈ ಅವಳ ನೆತ್ತಿಯನ್ನು ಹುಡುಕಿತು. "ಬೆಚ್ಚಗದೆ" ಎಂದರು. "ನೆತ್ತಿ ಬೆಚ್ಚಗದೆ. ಬಿತ್ತು ಹಂಗಾದ್ರೆ." ಆಮೇಲೆ, "ಹೇಳಿ" ಎಂದರು.

ಎಲ್ಲಿ ಹೇಳಬೇಕೆಂದು ಆಗ ನನಗೆ ಗೊತ್ತಿತ್ತು. ಮಂಡಿಯೂರಿ, ಅವರ ಭುಜ ಹಿಡಿದು, ಬಾಯಿಯನ್ನು ಕೆನ್ನೆಯ ಹತ್ತಿರ ತಂದೆ. ಕೆನ್ನೆ ಇನ್ನೂ ಒದ್ದೆಯಾಗಿಯೇ ಇತ್ತು. ಆ ಹೆಸರನ್ನು ನಾನು ಆರಿಸಿದ್ದು ಹಿಂದಿನ ಸಂಜೆ, ಮೊರದ ಗಾಳಿಗೆ ಮುಖವೊಡ್ಡಿ ನಿಂತಿದ್ದಾಗ. ಒಂದೊಂದೇ ಅಕ್ಷರವನ್ನು ಉಸಿರು ತುಂಬಿ, ಬಿಡಿಬಿಡಿಯಾಗಿ ಕೆನ್ನೆಯ ಮೇಲಿಟ್ಟೆ. ಬಿಸಿಯಾದ ಒಂದು ಉಸಿರು, ಮುಚ್ಚಿದ ತುಟಿ, ಒಡೆದ ತುಟಿ, ಕೊನೆಗೆ ನಾಲಿಗೆಯಿಂದ ಜಾರಿದ ಸಣ್ಣ ಗಾಳಿ.

ಅತ್ತೆ ತಲೆಯನ್ನು ಹಿಂದಕ್ಕೆ ಎಳೆದುಕೊಂಡರು. "ನನ್ನ ಯಾಕಪ್ಪಾ ಕರೀತೀರಿ?" ಎಂದರು, ಕಿವುಡರ ಗಟ್ಟಿ ದನಿಯಲ್ಲಿ. "ನಾನು ಕೇಳಿದ್ದು ಮಗೀನ ಹೆಸರ."

ಬಾಗಿಲ ಹೊರಗೆ ಪಿಸುಪಿಸು ಹಬ್ಬಿ, ಒಮ್ಮೆಲೇ ನಿಂತುಹೋಯಿತು. ಮಗುವಿಗೆ ಯಾರ ಹೆಸರಿಟ್ಟೆನೆಂದು ಹೊರಗಿದ್ದವರಿಗೆಲ್ಲ ಗೊತ್ತಾಗಿಬಿಟ್ಟಿತ್ತು. ಗೊತ್ತಾಗದೆ ಉಳಿದವರು ಅತ್ತೆ ಒಬ್ಬರೇ. ಊರಿಗೆ ಊರೇ ಉಸಿರು ಹಿಡಿದು ಅವರಿಗಾಗಿ ಕಾದಿತ್ತು. ನಾನು ಮತ್ತೆ ಬಗ್ಗಿ ಅದೇ ಹೆಸರನ್ನು ಅದೇ ಕೆನ್ನೆಗೆ ಹೇಳಿದೆ. ಹೇಳಿ, ಅವರ ಕೈಯನ್ನು ಹಿಡಿದು ಮಗುವಿನ ಎದೆಯ ಮೇಲಿಟ್ಟೆ.

ಹದಿನೈದು ವರ್ಷದಿಂದ ಯಾರೂ ಕರೆಯದೆ ಬಿಟ್ಟಿದ್ದ ಹೆಸರು ಅದು. ಅವರ ಅಂಗೈ ಮಗುವಿನ ಎದೆಯ ಮೇಲೆ ಏರುತ್ತಾ ಇಳಿಯುತ್ತಾ ಇತ್ತು. ಆಮೇಲೆ ಕತ್ತಲಲ್ಲಿ ಅವರು ಮಗುವಿನ ಮುಖಕ್ಕೆ ಬಗ್ಗಿದ್ದು ನನಗೆ ತಿಳಿಯಿತು.

"ಹೊಂಬಾಳೆ" ಎಂದು ಕರೆದರು.

ಬಾಗಿಲ ಆಚೆ ನಿಂಗಾಜಮ್ಮ ಮೂಗು ಒರೆಸಿಕೊಂಡು, "ಕೇಳಿಸ್ತು ಕಿವಿಯವ್ವ, ಎಲ್ಲಾರ್ಗೂ ಕೇಳಿಸ್ತು. ಬಾಗ್ಲು ತೆಗೀರಿ" ಎಂದರು.